ಜಾನ್ ಹಂಟರನ ಹೃದಯ

ನಮ್ಮ ನುಡಿಯಲ್ಲಿ ಎದೆಯೆಂಬ ಮಾತಿಗೆ ದೇಹದ ಒಂದು ಭಾಗವೆಂಬುದಕ್ಕಿಂತ ವಿಶಾಲವಾದ ಅರ್ಥವಿದೆ. ಧೈರ್ಯವುಳ್ಳವನನ್ನು ಎದೆಗಾರನೆನ್ನುತ್ತೇವೆ, ಮರುಕವಿಲ್ಲದವನ ಎದೆ ಕಲ್ಲಾಯಿತೆನ್ನುತ್ತೇವೆ, ದುಃಖದ ಸುದ್ದಿಯನ್ನು ಕೇಳಿದವನ ಎದೆ ಒಡೆಯಿತೆನ್ನುತ್ತೇವೆ. ಅಲಂಕಾರಶಾಸ್ತ್ರವನ್ನು ಪಾಠ ಹೇಳುವ ನಮ್ಮಂಥವರು ಇವನ್ನೆಲ್ಲ ಲಕ್ಷಣೆಯ ಉದಾಹರಣೆಗಳೆಂದು ವಿದ್ಯಾರ್ಥಿಗಳಿಗೆ ಬರೆಸುವುದುಂಟು. ಆದರೆ ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಬಾಳಿದ ಒಬ್ಬ ಮಹಾ ಶಸ್ತ್ರವೈದ್ಯನ ವಿಷಯದಲ್ಲಿ ಈ ಲಕ್ಷಣೆಯೇ ವಾಚ್ಯಾರ್ಥವಾಗಿ ಪರಿಣಮಿಸಿತು. ಅವನ ಎದೆಯೊಳಗಿನ ರಕ್ತನಾಳಗಳು ನಿಜವಾಗಿಯೂ ಮೂಳೆಯಂತೆ ಗಟ್ಟಿಯಾಗಿದ್ದವು. ಈ ಸಂಗತಿಯನ್ನು ಅವನು ಬದುಕಿರುವಾಗಲೇ ಊಹಿಸಿದವನೊಬ್ಬನಿದ್ದನು. ಅವನು ಆ ವೈದ್ಯನ ನೆಚ್ಚಿನ ಶಿಷ್ಯ. ಊಹಿಸಿಯೂ ಅವನು ಗುರುವಿಗೆ ಆ ಮಾತನ್ನು ಹೇಳಲಿಲ್ಲ. ಗುರುವಿನ ಹೆಸರು ಜಾನ್ ಹಂಟರ್. ಶಿಷ್ಯನ ಹೆಸರು ಎಡ್ವರ್ಡ್ ಜೆನ್ನರ್. ಸಿಡುಬಿನ ಭಯದಿಂದ ಲೋಕವನ್ನು ಬಿಡಿಸಿದ ಜೆನ್ನರನ ಹೆಸರನ್ನು ನಮ್ಮಲ್ಲಿ ಶಾಲೆಯ ಮಕ್ಕಳೂ ಬಲ್ಲರು. ಅವನಿಗೆ ಪ್ರಕೃತಿಯನ್ನು ಪ್ರಶ್ನಿಸುವ ಬಗೆಯನ್ನು ಕಲಿಸಿದ ಗುರುವಿನ ಬಾಳು ಅಷ್ಟಾಗಿ ನಮ್ಮವರ ಕಿವಿಗೆ ಬಿದ್ದಿಲ್ಲ.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಅನತಿದೂರದಲ್ಲಿ, ಈಸ್ಟ್ ಕಿಲ್‌ಬ್ರೈಡ್ ಎಂಬ ಊರಿನ ಸಮೀಪದ ಲಾಂಗ್ ಕಾಲ್ಡರ್‌ವುಡ್ ಎಂಬ ಹೊಲಮನೆಯಲ್ಲಿ 1728ರ ಫೆಬ್ರುವರಿಯಲ್ಲಿ ಜಾನ್ ಹಂಟರನು ಹುಟ್ಟಿದನು. ಹತ್ತು ಮಕ್ಕಳಲ್ಲಿ ಇವನೇ ಕಡೆಯವನು. ಹದಿಮೂರು ವರ್ಷ ತುಂಬಿದಾಗ ತಂದೆ ತೀರಿಕೊಂಡನು. ಪಾಠಶಾಲೆಯ ಪುಸ್ತಕಗಳು ಈ ಹುಡುಗನಿಗೆ ಹಿಡಿಸಲಿಲ್ಲ. ಮೋಡಗಳು ಏಕೆ ಹೀಗೆ ಚಲಿಸುತ್ತವೆ, ಶರತ್ಕಾಲದಲ್ಲಿ ಎಲೆಗಳು ಏಕೆ ಬಣ್ಣ ಬದಲಿಸುತ್ತವೆ, ಇರುವೆಯ ಗೂಡಿನೊಳಗೆ ಏನು ನಡೆಯುತ್ತದೆ ಎಂಬಂಥ ಪ್ರಶ್ನೆಗಳನ್ನು ಕಂಡಕಂಡವರಿಗೆ ಹಾಕುತ್ತ, ಯಾರಿಂದಲೂ ಸಮರ್ಪಕವಾದ ಉತ್ತರ ದೊರೆಯದೆ, ಅವನು ಹೊಲಗಳಲ್ಲಿ ಅಲೆಯುತ್ತಿದ್ದನು. ಬರವಣಿಗೆ ಅವನಿಗೆ ಕೊನೆಯವರೆಗೂ ಕಷ್ಟದ ಕೆಲಸವಾಗಿಯೇ ಉಳಿಯಿತು. ಮುಂದೆ ಯೂರೋಪಿನ ವಿದ್ವಾಂಸರು ಅವನ ಮನೆಯ ಬಾಗಿಲಿಗೆ ಬಂದು ನಿಂತಾಗಲೂ, ಓದಿನ ಕೊರತೆಯನ್ನು ಕುರಿತು ಆಡಿಕೊಳ್ಳುವವರಿಗೆ ಬರವಿರಲಿಲ್ಲ.

ಅಣ್ಣ ವಿಲಿಯಂ ಹಂಟರನು ಲಂಡನ್ನಿನಲ್ಲಿ ಅಂಗರಚನಾಶಾಸ್ತ್ರದ ಶಾಲೆಯೊಂದನ್ನು ತೆರೆದಿದ್ದನು. 1748ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ತಮ್ಮನು ಅಲ್ಲಿಗೆ ಹೋಗಿ ಅವನ ಸಹಾಯಕನಾದನು. ಅಣ್ಣನು ನಯವಾದ ಮಾತಿನವನು, ದೊಡ್ಡವರ ಮನೆಗಳಲ್ಲಿ ಸಲುಗೆಯುಳ್ಳವನು. ತಮ್ಮನದು ಒರಟು ನಡೆ, ನೇರವಾದ ನುಡಿ. ಆದರೆ ಶವಚ್ಛೇದದ ಮೇಜಿನ ಬಳಿ ಅವನ ಬೆರಳುಗಳು ತೋರಿದ ಚಾತುರ್ಯವನ್ನು ಕಂಡು ಅಣ್ಣನೇ ಬೆರಗಾದನು. ಆ ಕಾಲದಲ್ಲಿ ಅಂಗರಚನೆಯ ಅಭ್ಯಾಸಕ್ಕೆ ನ್ಯಾಯವಾಗಿ ದೊರೆಯುತ್ತಿದ್ದ ಶವಗಳು ಬಹು ವಿರಳ. ಗಲ್ಲಿಗೇರಿದ ಅಪರಾಧಿಗಳ ದೇಹಗಳು ಸಾಲದೆ, ಹೊಸದಾಗಿ ಹೂಳಿದ ಗೋರಿಗಳನ್ನು ರಾತ್ರಿಯ ವೇಳೆ ಅಗೆದು ಹೆಣಗಳನ್ನು ಮಾರುವ ಜನರೊಡನೆ ಶಾಲೆಗಳು ವ್ಯವಹರಿಸುತ್ತಿದ್ದವು. ಈ ಕತ್ತಲೆಯ ವ್ಯಾಪಾರದಿಂದ ಹಂಟರನ ಕೈಗಳೂ ದೂರವಿರಲಿಲ್ಲ. ಅವನ ಜ್ಞಾನದ ಬುನಾದಿಯಲ್ಲಿ ಹೆಸರಿಲ್ಲದ ಬಡವರ ದೇಹಗಳಿವೆಯೆಂಬುದನ್ನು ಮರೆತು ಅವನ ಚರಿತ್ರೆಯನ್ನು ಬರೆಯುವುದು ನ್ಯಾಯವಾಗಲಾರದು.

ಹನ್ನೆರಡು ವರ್ಷಗಳ ಈ ದುಡಿಮೆಯಿಂದ ಆರೋಗ್ಯವು ಕೆಟ್ಟಿತು. 1760ರಲ್ಲಿ ಅವನು ಸೈನ್ಯದ ಶಸ್ತ್ರವೈದ್ಯನಾಗಿ ಸೇರಿ, ಮರುವರ್ಷ ಫ್ರಾನ್ಸಿನ ತೀರದ ಬೆಲ್ ಈಲ್ ದ್ವೀಪದ ಮುತ್ತಿಗೆಗೂ, ಅನಂತರ ಪೋರ್ತುಗಲ್ಲಿಗೂ ಹೋದನು. ಗುಂಡು ತಗುಲಿದ ಗಾಯವನ್ನು ಕತ್ತಿಯಿಂದ ಅಗಲಿಸಿ ಶೋಧಿಸಬೇಕೆಂಬುದು ಅಂದಿನ ರೂಢಿ. ಶಸ್ತ್ರದ ಸೋಂಕಿಲ್ಲದೆ ಅಡಗಿ ಕುಳಿತಿದ್ದ ಕೆಲವು ಗಾಯಾಳು ಫ್ರೆಂಚ್ ಸಿಪಾಯಿಗಳು ಚಿಕಿತ್ಸೆ ಪಡೆದವರಿಗಿಂತ ಚೆನ್ನಾಗಿ ಗುಣ ಹೊಂದಿದುದನ್ನು ಹಂಟರನು ಕಂಡನು. ಗ್ರಂಥಕ್ಕಿಂತ ಕಣ್ಣು ದೊಡ್ಡದೆಂಬ ಅವನ ನಂಬಿಕೆ ಅಲ್ಲಿ ಬೇರೂರಿತು. 1763ರಲ್ಲಿ ಲಂಡನ್ನಿಗೆ ಮರಳಿ, ಹಲ್ಲಿನ ವೈದ್ಯನೊಡನೆ ಕೆಲಸ ಮಾಡುತ್ತ, ಬಿಡುವಿನಲ್ಲಿ ಪ್ರಾಣಿಗಳನ್ನು ಪರೀಕ್ಷಿಸುತ್ತ, ನಿಧಾನವಾಗಿ ಹೆಸರು ಗಳಿಸಿದನು. 1767ರಲ್ಲಿ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿತು. 1768ರಲ್ಲಿ ಸೇಂಟ್ ಜಾರ್ಜ್ ಆಸ್ಪತ್ರೆಯ ಶಸ್ತ್ರವೈದ್ಯನಾದನು. ನಗರದ ಹೊರಗೆ ಅರ್ಲ್ಸ್ ಕೋರ್ಟಿನಲ್ಲಿ ಅವನು ಕಟ್ಟಿಸಿದ ಮನೆಯ ಸುತ್ತ ಚಿರತೆ, ನರಿ, ಜೇನುಹುಳು, ಮುಳ್ಳುಹಂದಿಗಳವರೆಗೆ ಒಂದು ಪ್ರಾಣಿಲೋಕವೇ ನೆರೆದಿತ್ತು.

1770ರಲ್ಲಿ ಇಪ್ಪತ್ತೊಂದು ವರ್ಷದ ಗ್ರಾಮೀಣ ಯುವಕನೊಬ್ಬನು ಹಂಟರನ ಮನೆಯಲ್ಲಿಯೇ ವಾಸಮಾಡುವ ಶಿಷ್ಯನಾಗಿ ಬಂದನು. ಇವನೇ ಗ್ಲಾಸ್ಟರ್‌ಷೈರಿನ ಬರ್ಕ್ಲಿ ಗ್ರಾಮದ ಜೆನ್ನರ್. ನಮ್ಮ ಗುರುಕುಲಗಳಲ್ಲಿ ಇದ್ದಂಥ ಬಾಂಧವ್ಯವೇ ಇವರಲ್ಲಿ ಬೆಳೆಯಿತು. ಎರಡು ವರ್ಷಗಳ ಬಳಿಕ ಶಿಷ್ಯನು ಹಳ್ಳಿಗೆ ಹಿಂತಿರುಗಿದರೂ ಪತ್ರಗಳ ಮೂಲಕ ಪಾಠ ಮುಂದುವರಿಯಿತು. ಚಳಿಗಾಲದ ನಿದ್ರೆಯಲ್ಲಿರುವ ಮುಳ್ಳುಹಂದಿಯ ಮೈಶಾಖ ಎಷ್ಟು, ಕೋಗಿಲೆ ಜಾತಿಯ ಹಕ್ಕಿ ಪರರ ಗೂಡಿನಲ್ಲಿ ಮೊಟ್ಟೆಯಿಟ್ಟ ಮೇಲೆ ಏನಾಗುತ್ತದೆ ಎಂದು ಗುರುವು ಕೇಳುವುದು. ಶಿಷ್ಯನು ನೋಡಿ, ಅಳೆದು, ಉತ್ತರ ಬರೆಯುವುದು. ಬರಿದೆ ತರ್ಕಿಸುತ್ತ ಕೂಡದೆ ಪ್ರಯೋಗಮಾಡಿ ನೋಡಬೇಕೆಂಬುದೇ ಗುರುವಿನ ಉಪದೇಶದ ಸಾರವಾಗಿತ್ತು. ಕಂಡ ಸತ್ಯವನ್ನು ಮರೆಮಾಚಬಾರದೆಂಬುದು ಆ ಉಪದೇಶದೊಳಗೆ ಸಹಜವಾಗಿಯೇ ಅಡಗಿತ್ತು. ಅದನ್ನು ಪಾಲಿಸುವುದು ಒಮ್ಮೊಮ್ಮೆ ಎಷ್ಟು ಕಠಿಣವೆಂಬುದು ಮುಂದೆ ತಿಳಿಯಬೇಕಾಗಿತ್ತು.

ಹಂಟರನು ಬಹುಕಾಲ ಆಸಕ್ತಿಯಿಂದ ಅಭ್ಯಸಿಸಿದ ವಿಷಯಗಳಲ್ಲಿ ಧಮನಿಗಳ ರಚನೆಯೂ ಒಂದು. ಹೃದಯದಿಂದ ದೇಹಕ್ಕೆ ರಕ್ತವನ್ನು ಒಯ್ಯುವ ನಾಳಗಳೇ ಧಮನಿಗಳು. ಇವು ಬರಿಯ ಕೊಳವೆಗಳಲ್ಲವೆಂದೂ, ಅವುಗಳ ಗೋಡೆಯಲ್ಲಿ ಎರಡು ಬಗೆಯ ಶಕ್ತಿಗಳಿವೆಯೆಂದೂ ಅವನು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದನು. ಮೊದಲನೆಯದು ಎಳೆದರೆ ಹಿಗ್ಗಿ, ಬಿಟ್ಟರೆ ಕುಗ್ಗುವ ಸ್ಥಿತಿಸ್ಥಾಪಕ ಗುಣ; ಎರಡನೆಯದು ಮಾಂಸಖಂಡದಂತೆ ತಾನಾಗಿ ಸಂಕುಚಿಸುವ ಗುಣ. ಹೃದಯಕ್ಕೆ ಹತ್ತಿರವಾದ ದೊಡ್ಡ ಧಮನಿಗಳಲ್ಲಿ ಮೊದಲನೆಯದು ಹೆಚ್ಚು. ದೂರದ ಸಣ್ಣ ಧಮನಿಗಳಲ್ಲಿ ಎರಡನೆಯದು ಹೆಚ್ಚು. ಈ ವಿಚಾರಗಳೆಲ್ಲ ಅವನು ಸತ್ತ ಮೇಲೆ, 1794ರಲ್ಲಿ, ರಕ್ತ ಮತ್ತು ಉರಿಯೂತವನ್ನು ಕುರಿತ ಅವನ ಮಹಾಗ್ರಂಥದಲ್ಲಿ ಪ್ರಕಟವಾದವು.

ಈ ಹಿಗ್ಗಿ ಕುಗ್ಗುವ ಗುಣದಿಂದ ಪ್ರಯೋಜನವೇನು? ಸಂಗೀತ ಕಚೇರಿಯ ಶ್ರುತಿಪೆಟ್ಟಿಗೆಯನ್ನು ವಾಚಕರು ಸ್ಮರಿಸಿಕೊಳ್ಳಲಿ. ನುಡಿಸುವವನ ಕೈ ತಿದಿಯನ್ನು ಬಿಟ್ಟು ಬಿಟ್ಟು ಒತ್ತುತ್ತದೆ. ನಾದವಾದರೋ ಎಡೆಬಿಡದೆ ಹೊಮ್ಮುತ್ತದೆ. ಒಳಗಿರುವ ಇನ್ನೊಂದು ತಿದಿ ಗಾಳಿಯನ್ನು ತುಂಬಿಕೊಂಡು ಹಿಗ್ಗಿ, ಕೈ ಬಿಡುವಿನಲ್ಲಿರುವಾಗ ಕುಗ್ಗುತ್ತ ಅದನ್ನು ಹೊರದೂಡುವುದೇ ಇದರ ಮರ್ಮ. ಹೃದಯದ ಎಡಗಡೆಯ ಹೃತ್ಕುಕ್ಷಿ ಒಂದು ನಿಮಿಷಕ್ಕೆ ಸುಮಾರು 70 ಸಲ ಮಿಡಿದು, ಮಿಡಿತಕ್ಕೆ ಸುಮಾರು 70 ಮಿಲಿಲೀಟರಿನಂತೆ ರಕ್ತವನ್ನು ಮಹಾಧಮನಿಗೆ ನೂಕುತ್ತದೆ. ಮಹಾಧಮನಿಯ ಗೋಡೆ ಹಿಗ್ಗಿ ಅದರಲ್ಲೊಂದು ಪಾಲನ್ನು ತಾಳಿಕೊಂಡು, ಹೃದಯ ವಿಶ್ರಮಿಸುವಾಗ ಕುಗ್ಗಿ ಮುಂದಕ್ಕೆ ಕಳುಹಿಸುತ್ತದೆ. ಹೀಗೆ ಹೊಡೆತವು ಪ್ರವಾಹವಾಗುತ್ತದೆ. ಕುದುರೆಯ ಧಮನಿಗೆ ಕೊಳವೆಯನ್ನು ಸೇರಿಸಿ ರಕ್ತದ ಒತ್ತಡವನ್ನು ಅಳೆದ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿಯು 1733ರಷ್ಟು ಹಿಂದೆಯೇ ಇದನ್ನು ಬೆಂಕಿಯಾರಿಸುವ ಯಂತ್ರದ ಗಾಳಿಗೂಡಿಗೆ ಹೋಲಿಸಿದ್ದನು.

ಆ ಒಳತಿದಿಯ ಚರ್ಮವು ಒಣಗಿ ಹಲಗೆಯಾದರೆ ಏನಾದೀತು? ವಯಸ್ಸು, ರಕ್ತದ ಒತ್ತಡ ಮೊದಲಾದ ಕಾರಣಗಳಿಂದ ಧಮನಿಯ ಗೋಡೆಯ ಎಳೆಗಳು ಸವೆದು, ಬಿರುಸಾದ ತಂತುಗಳೂ ಸುಣ್ಣದ ಲವಣಗಳೂ ಸೇರಿಕೊಂಡಾಗ ಮಹಾಧಮನಿಗೆ ಹಿಗ್ಗಲು ಬರುವುದಿಲ್ಲ. ಆಗ ಪ್ರತಿ ಮಿಡಿತದ ಭಾರವೆಲ್ಲ ಹೃತ್ಕುಕ್ಷಿಯ ಮೇಲೆ ಬೀಳುತ್ತದೆ. ನಾಡಿಯ ಅಲೆಯು ತರುಣರ ಮಹಾಧಮನಿಯಲ್ಲಿ ಸೆಕೆಂಡಿಗೆ ಸುಮಾರು 5-6 ಮೀಟರು ವೇಗದಿಂದ ಸಾಗುತ್ತದೆ. ಬಿರುಸಾದ ಧಮನಿಯಲ್ಲಿ ಅದು 10 ಮೀಟರನ್ನೂ ಮೀರುವುದುಂಟು. ದೂರದ ಕವಲುಗಳಿಗೆ ತಾಗಿ ಹಿಂದಿರುಗುವ ಅಲೆಯು, ಹೃದಯವು ವಿಶ್ರಾಂತಿಗೆ ತೊಡಗುವ ಮುನ್ನವೇ ಬಂದು ಅದನ್ನು ಎದುರಿಸುತ್ತದೆ. ಈ ಹೆಚ್ಚಿನ ದುಡಿಮೆಗೆ ಹೃತ್ಕುಕ್ಷಿಯ ಗೋಡೆ ಗರಡಿಯಾಳಿನ ತೋಳಿನಂತೆ ದಪ್ಪವಾಗುತ್ತದೆ. ಆದರೆ ಈ ದಪ್ಪ ಬಲದ ಲಕ್ಷಣವಲ್ಲ. ದಪ್ಪವಾದ ಗೋಡೆ ಸುಲಭವಾಗಿ ಸಡಿಲವಾಗದೆ, ರಕ್ತವನ್ನು ತುಂಬಿಕೊಳ್ಳಲು ಕಷ್ಟಪಡುತ್ತದೆ. ಅದರ ಹಿಂದಿನ ಹೃತ್ಕರ್ಣವೂ ಶ್ವಾಸಕೋಶಗಳೂ ಆ ಒತ್ತಡವನ್ನು ಸಹಿಸಬೇಕಾಗುತ್ತದೆ. ಇನ್ನೊಂದು ಕೇಡೂ ಉಂಟು. ಹೃದಯದ ಎಡಭಾಗದ ಸ್ನಾಯುವು ತನ್ನ ಆಹಾರವನ್ನು ಹೆಚ್ಚಾಗಿ ಪಡೆಯುವುದು ತಾನು ವಿಶ್ರಮಿಸುವ ಹೊತ್ತಿನಲ್ಲಿ, ಮಹಾಧಮನಿಯ ಬುಡದಿಂದ ಹೊರಡುವ ಎರಡು ಕಿರೀಟಧಮನಿಗಳ ಮೂಲಕ. ಮಹಾಧಮನಿಯ ಮರುಸಂಕೋಚ ತಗ್ಗಿದರೆ ಆ ಹೊತ್ತಿನ ಒತ್ತಡವೂ ತಗ್ಗುತ್ತದೆ. ದುಡಿಮೆ ಹೆಚ್ಚಿ ಕೂಲಿ ಕಡಿಮೆಯಾದ ಆಳಿನಂತೆ ಹೃದಯ ಬಳಲುತ್ತದೆ. ಕಿರೀಟಧಮನಿಗಳೇ ಗಟ್ಟಿಯಾಗಿ ಇಕ್ಕಟ್ಟಾದರಂತೂ ದೇಹಕ್ಕೆಲ್ಲ ಉಣಬಡಿಸುವ ಹೃದಯವು ತಾನೇ ಉಪವಾಸ ಬೀಳುತ್ತದೆ.

ಇಷ್ಟು ವಿವರವಾದ ತಿಳಿವಳಿಕೆ ಹಂಟರನ ಕಾಲದಲ್ಲಿ ಯಾರಿಗೂ ಇರಲಿಲ್ಲ. ನಡೆಯುವಾಗ ಎದೆಯನ್ನು ಹಿಂಡಿದಂತಾಗಿ, ನಿಂತರೆ ಇಳಿಯುವ ಒಂದು ಭಯಂಕರವಾದ ನೋವನ್ನು ವಿಲಿಯಂ ಹೆಬರ್ಡನ್ ಎಂಬ ವೈದ್ಯನು 1768ರಲ್ಲಿ ಲಂಡನ್ನಿನ ವೈದ್ಯರ ಸಭೆಯಲ್ಲಿ ವರ್ಣಿಸಿ, ಆಂಜೈನಾ ಪೆಕ್ಟೋರಿಸ್ ಎಂದು ಹೆಸರಿಟ್ಟನು. 1772ರಲ್ಲಿ ಆ ಪ್ರಬಂಧ ಅಚ್ಚಾಯಿತು. ಅದನ್ನು ಓದಿದ ಒಬ್ಬ ರೋಗಿ, ತನ್ನ ಹೆಸರನ್ನು ತಿಳಿಸದೆ, ತನಗೂ ಅದೇ ವ್ಯಾಧಿಯಿದೆಯೆಂದೂ, ತಾನು ಹಠಾತ್ತಾಗಿ ಸತ್ತರೆ ತನ್ನ ದೇಹವನ್ನು ಪರೀಕ್ಷಿಸಬೇಕೆಂದೂ ಹೆಬರ್ಡನನಿಗೆ ಬರೆದನು. ಕೆಲವೇ ವಾರಗಳಲ್ಲಿ ಅವನು ಸತ್ತನು. ಶವವನ್ನು ಪರೀಕ್ಷಿಸುವ ಕಾರ್ಯ ಹಂಟರನ ಪಾಲಿಗೆ ಬಂದಿತು. ಶಿಷ್ಯ ಜೆನ್ನರನೂ ಬಳಿಯಿದ್ದನು. ಸಾವಿನ ಕಾರಣ ಮಾತ್ರ ದೊರೆಯಲಿಲ್ಲ. ಅಂದು ಕಿರೀಟಧಮನಿಗಳನ್ನು ಯಾರೂ ಬಿಡಿಸಿ ನೋಡಲಿಲ್ಲವೆಂದು ಜೆನ್ನರನು ಬಹುಕಾಲದ ಮೇಲೆ ನೆನೆದುಕೊಂಡಿದ್ದಾನೆ. ಇಂಗ್ಲೆಂಡಿನ ಅತ್ಯಂತ ಸೂಕ್ಷ್ಮವಾದ ಕಣ್ಣು ತನ್ನ ಕಡು ಶತ್ರುವಿನ ಮುಂದೆಯೇ ಹಾದುಹೋಗಿ ಅವನನ್ನು ಗುರುತಿಸದೆ ಉಳಿಯಿತು.

ಮರುವರ್ಷ, 1773ರ ವಸಂತದಲ್ಲಿ, ಹಂಟರನನ್ನೇ ಆ ವ್ಯಾಧಿ ಹಿಡಿಯಿತು. ಮೊದಲು ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಕಾಣಿಸಿತು. ಏನು ಮಾಡಿದರೂ ಅದು ಇಳಿಯದಿರಲು ಅವನು ಕನ್ನಡಿಯ ಮುಂದೆ ನಿಂತು ನೋಡಿದನು. ಹೆಣದಂತೆ ಬಿಳಿಚಿದ ಮುಖ, ಬಣ್ಣಗೆಟ್ಟ ತುಟಿಗಳು. ಮುಂಗೈ ಮುಟ್ಟಿ ನೋಡಿದರೆ ಎರಡು ಕೈಗಳಲ್ಲಿಯೂ ನಾಡಿ ಸಿಕ್ಕಲಿಲ್ಲ. ಉಸಿರು ತಾನಾಗಿ ಆಡುತ್ತಿಲ್ಲವೆನಿಸಿ, ಸಾಯುವೆನೆಂಬ ಭಯದಿಂದ ಪ್ರಯತ್ನಪೂರ್ವಕವಾಗಿ ಉಸಿರೆಳೆಯುತ್ತ ಹೋದನು. ಸುಮಾರು ಮುಕ್ಕಾಲು ಗಂಟೆಯ ಬಳಿಕ ನೋವು ಹಿಂಗಿತು. ಅಂಥ ಸ್ಥಿತಿಯಲ್ಲಿಯೂ ಅವನು ತನ್ನನ್ನು ತಾನೇ ಒಬ್ಬ ರೋಗಿಯಂತೆ ಬೇರೆ ನಿಂತು ನೋಡಿದನೆಂಬುದು ಗಮನಾರ್ಹ.

1776ರಲ್ಲಿ ಇನ್ನೊಂದು ಬಗೆಯ ಕಾಯಿಲೆ ಬಂದಿತು. ತಲೆ ತಿರುಗಿ, ತಾನು ಗಾಳಿಯಲ್ಲಿ ತೂಗುತ್ತಿರುವಂತೆಯೂ, ತನ್ನ ದೇಹ ಬಹು ಚಿಕ್ಕದಾದಂತೆಯೂ ಅನುಭವವಾಗಿ, ಹಲವು ದಿನ ಹಾಸಿಗೆ ಹಿಡಿದನು. 1777ರಲ್ಲಿ ಚೇತರಿಸಿಕೊಳ್ಳಲೆಂದು ಬಾತ್ ನಗರದ ಬಿಸಿನೀರಿನ ಬುಗ್ಗೆಗಳಿಗೆ ಹೋದಾಗ ಜೆನ್ನರನು ಗುರುವನ್ನು ನೋಡಲು ಬಂದನು. ಹಲವು ವರ್ಷಗಳ ಮೇಲೆ ಕಂಡ ಆ ಮುಖ ಅವನನ್ನು ಕಳವಳಗೊಳಿಸಿತು. ಗುರುವಿನ ಲಕ್ಷಣಗಳನ್ನು ಒಂದೊಂದಾಗಿ ಕೇಳಿ ತಿಳಿದು, ಇದು ಹೆಬರ್ಡನನು ವರ್ಣಿಸಿದ ಹೃಚ್ಛೂಲೆಯೇ ಎಂದು ನಿಶ್ಚಯಿಸಿದನು.

ಜೆನ್ನರನಿಗೆ ಇನ್ನೂ ಮುಂದಿನ ಒಂದು ಹೆಜ್ಜೆ ಗೋಚರಿಸಿತು. ಅದಕ್ಕೆ ಕಾರಣವಾದುದು ತನ್ನ ನಾಡಿನಲ್ಲಿ ಅವನು ನಡೆಸಿದ ಒಂದು ಶವಪರೀಕ್ಷೆ. ಹೃಚ್ಛೂಲೆಯಿಂದ ಸತ್ತವನೊಬ್ಬನ ಹೃದಯವನ್ನು ಅವನು ಬುಡದ ಹತ್ತಿರ ಅಡ್ಡಲಾಗಿ ಕೊಯ್ಯುತ್ತಿರುವಾಗ, ಕತ್ತಿ ಏನೋ ಗಟ್ಟಿಯಾದ ವಸ್ತುವಿಗೆ ತಾಗಿ ಅಲುಗು ಮುಕ್ಕಾಯಿತು. ಕೊಠಡಿ ಹಳೆಯದು, ಮೇಲ್ಛಾವಣಿಯ ಗಾರೆಯ ಚೂರು ಬಿದ್ದಿರಬೇಕೆಂದು ಅವನು ತಲೆಯೆತ್ತಿ ನೋಡಿದನು. ಗಾರೆ ಬಿದ್ದಿರಲಿಲ್ಲ. ಹೃದಯದ ಕಿರೀಟಧಮನಿಗಳೇ ಮೂಳೆಯ ಕೊಳವೆಗಳಾಗಿದ್ದವು. ಮತ್ತೊಂದು ಶವಪರೀಕ್ಷೆಯಲ್ಲಿ ಆ ಧಮನಿಗಳೊಳಗೆ ಮೃದ್ವಸ್ಥಿಯಂಥ ಗಟ್ಟಿಯಾದ ಪದರ ಕಂಡುಬಂದಿತು. ಹೃಚ್ಛೂಲೆಗೂ ಈ ಧಮನಿಗಳ ಕಾಠಿಣ್ಯಕ್ಕೂ ಸಂಬಂಧವಿದೆಯೆಂಬ ಊಹೆ ಅವನಲ್ಲಿ ಬಲವಾಯಿತು.

ಶಿಷ್ಯನ ಮುಂದೆ ಈಗ ಎರಡು ದಾರಿಗಳಿದ್ದವು. ತನ್ನ ಊಹೆಯನ್ನು ಪ್ರಕಟಿಸಿದರೆ ಅದನ್ನು ಎಲ್ಲರಿಗಿಂತ ಮೊದಲು ಓದುವವನು ಹಂಟರನೇ. ಓದಿದೊಡನೆ ತನ್ನ ಎದೆಯೊಳಗೆ ಏನಾಗುತ್ತಿದೆಯೆಂಬುದು ಅವನಿಗೆ ತಿಳಿಯದೆ ಇರದು. ರೋಗಕ್ಕೆ ಮದ್ದಿದ್ದಿದ್ದರೆ ಮಾತು ಬೇರೆ, ಅಂದು ಮದ್ದಿರಲಿಲ್ಲ. ಈ ಸಂಕಟವನ್ನು ಜೆನ್ನರನು ಹೆಬರ್ಡನನನ್ನು ಉದ್ದೇಶಿಸಿದ ಒಂದು ಪತ್ರದಲ್ಲಿ ತೋಡಿಕೊಂಡನು. ಹಂಟರನ ಭಾನುವಾರದ ಸಂಜೆಯ ಗೋಷ್ಠಿಯೊಂದರಲ್ಲಿ ಅವನ ಭಾವಮೈದುನ ಎವರಾರ್ಡ್ ಹೋಮನಿಗೂ ಇನ್ನೊಬ್ಬ ಶಸ್ತ್ರವೈದ್ಯನಿಗೂ ತನ್ನ ಅಭಿಪ್ರಾಯವನ್ನು ಗುಟ್ಟಾಗಿ ಹೇಳಿದನು. ಅವರು ಅದನ್ನು ಅಷ್ಟಾಗಿ ಲಕ್ಷಿಸಲಿಲ್ಲ. ಅಚ್ಚಿಗೆ ಮಾತ್ರ ಅವನು ಒಂದಕ್ಷರವನ್ನೂ ಕೊಡಲಿಲ್ಲ. ಗುರುವಿನೊಡನೆ ನಡೆಯಬೇಕಾಗಿ ಬರುವ ಆ ಅಪ್ರಿಯವಾದ ಸಂಭಾಷಣೆಗೆ ಅವನ ಮನಸ್ಸು ಒಡಂಬಡಲಿಲ್ಲ.

ಹಂಟರನಾದರೋ ರೋಗಕ್ಕೆ ಮಣಿದು ಕೂಡುವವನಲ್ಲ. ಅವನ ಅತ್ಯುತ್ತಮವಾದ ಕೆಲಸವೆಲ್ಲ ಈ ರೋಗದ ಇಪ್ಪತ್ತು ವರ್ಷಗಳಲ್ಲಿಯೇ ನಡೆಯಿತು. 1783ರಲ್ಲಿ ಲೆಸ್ಟರ್ ಚೌಕದಲ್ಲಿ ದೊಡ್ಡ ಮನೆಯನ್ನು ಹಿಡಿದು, ತನ್ನ ವಸ್ತುಸಂಗ್ರಹಾಲಯಕ್ಕಾಗಿ ಕಟ್ಟಡವನ್ನು ಕಟ್ಟಿಸಿದನು. ಕಡೆಕಡೆಗೆ ಅಲ್ಲಿ ಸುಮಾರು 14,000 ಮಾದರಿಗಳು ಸೇರಿದ್ದವು. ಅದೇ ವರ್ಷ ಸತ್ತ ಐರ್ಲೆಂಡಿನ ದೈತ್ಯಕಾಯನಾದ ಚಾರ್ಲ್ಸ್ ಬರ್ನನು ತನ್ನ ದೇಹವು ವೈದ್ಯರ ಕೈಗೆ ಸಿಗದಂತೆ ಕಡಲಿಗೆ ಹಾಕಬೇಕೆಂದು ಬೇಡಿಕೊಂಡಿದ್ದನು. ಹಂಟರನು ಹಣ ತೆತ್ತು ಆ ದೇಹವನ್ನು ದಕ್ಕಿಸಿಕೊಂಡನು. ತನ್ನ ದೇಹದ ಸತ್ಯವನ್ನು ಶಿಷ್ಯನ ಕರುಣೆಯಿಂದ ಅರಿಯದೆ ಉಳಿದವನು, ಇನ್ನೊಬ್ಬ ದೀನನ ಕಡೆಯ ಬಯಕೆಗೆ ಕರುಣೆ ತೋರಲಿಲ್ಲ. ಮಹಾಪುರುಷರ ಬಾಳಿನಲ್ಲಿ ಇಂಥ ಕಲೆಗಳನ್ನು ಒರೆಸಿಹಾಕಲು ನಮಗೆ ಅಧಿಕಾರವಿಲ್ಲ.

1785ರ ಡಿಸೆಂಬರಿನಲ್ಲಿ ಅವನ ಹೆಸರನ್ನು ಶಾಶ್ವತಗೊಳಿಸಿದ ಶಸ್ತ್ರಕ್ರಿಯೆ ನಡೆಯಿತು. ಕುದುರೆಗಾಡಿ ಹೊಡೆಯುವವನೊಬ್ಬನ ಮೊಣಕಾಲಿನ ಹಿಂದಿನ ಧಮನಿ ಉಬ್ಬಿ ಗಂಟಾಗಿತ್ತು. ಅಂಥವರಿಗೆ ಕಾಲನ್ನೇ ಕತ್ತರಿಸಿಹಾಕುವುದು ಆಗಿನ ಸಾಮಾನ್ಯ ಪದ್ಧತಿ. ಜಿಂಕೆಯ ಕೊಂಬಿಗೆ ಹೋಗುವ ಮುಖ್ಯ ಧಮನಿಯನ್ನು ಕಟ್ಟಿದರೂ ಸಣ್ಣ ಕವಲುಗಳು ಹಿಗ್ಗಿ ಕೊಂಬನ್ನು ಬದುಕಿಸುವುದನ್ನು ಹಂಟರನು ಕಂಡಿದ್ದನು. ಆ ಧೈರ್ಯದಿಂದ, ಉಬ್ಬಿದ ಜಾಗವನ್ನು ಮುಟ್ಟದೆ, ತೊಡೆಯಲ್ಲಿ ಆರೋಗ್ಯವಾಗಿದ್ದ ಧಮನಿಯನ್ನು ಕಟ್ಟಿದನು. ಕಾಲು ಉಳಿಯಿತು, ಗಾಡಿಯವನು ಮತ್ತೆ ಗಾಡಿ ಹೊಡೆದನು. ತೊಡೆಯ ಆ ಭಾಗವನ್ನು ವೈದ್ಯರು ಹಂಟರನ ಹೆಸರಿನಿಂದಲೇ ಕರೆಯುತ್ತಾರೆ. ದಾರಿ ಮುಚ್ಚಿದರೆ ರಕ್ತವು ಹೊಸ ದಾರಿಯನ್ನು ಹುಡುಕಿಕೊಳ್ಳುತ್ತದೆಯೆಂದು ಜಗತ್ತಿಗೆ ತೋರಿಸಿದವನ ಹೃದಯದಲ್ಲಿ ಮಾತ್ರ ದಾರಿಗಳು ಒಂದೊಂದಾಗಿ ಮುಚ್ಚುತ್ತಿದ್ದವು.

ಅದೇ 1785ರಿಂದ ನೋವು ಪದೇ ಪದೇ ಬರತೊಡಗಿತು. ದಿಣ್ಣೆ ಹತ್ತಿದರೆ ಬರುವುದು. ಸಿಟ್ಟು ಬಂದರೆ ಬರುವುದು. ಜೇನುಹುಳುಗಳು ಗೂಡಿನಿಂದ ಹಿಂಡಾಗಿ ಹೊರಡುವುವೋ ಇಲ್ಲವೋ ಎಂಬಷ್ಟು ಸಣ್ಣ ಆತಂಕಕ್ಕೂ ಬರುವುದು. ಯಾವನಾದರೊಬ್ಬ ದುಷ್ಟನು ಕೆಣಕಿದರೆ ಸಾಕು, ತನ್ನ ಪ್ರಾಣ ಅವನ ಕೈಯಲ್ಲಿದೆಯೆಂದು ಅವನು ಸ್ನೇಹಿತರಲ್ಲಿ ಹೇಳಿಕೊಳ್ಳುತ್ತಿದ್ದನಂತೆ. ಒಂದು ವಿಶೇಷವನ್ನು ಅವನ ಸಮೀಪದವರು ಗುರುತಿಸಿದ್ದಾರೆ. ಕರುಣೆಯ, ಕೃತಜ್ಞತೆಯ ಕಥೆಯೊಂದನ್ನು ಹೇಳುತ್ತ ಅವನು ಕಣ್ಣೀರು ಸುರಿಸಿದರೂ ನೋವು ಬರುತ್ತಿರಲಿಲ್ಲ. ಕೋಪ ಬಂದರೆ ಬರುತ್ತಿತ್ತು. ಇದರ ಕಾರಣವನ್ನು ಇಂದಿನ ವೈದ್ಯರು ಸುಲಭವಾಗಿ ತಿಳಿಸಬಲ್ಲರು. ಕೋಪವು ಹೃದಯದ ಮಿಡಿತವನ್ನೂ ರಕ್ತದ ಒತ್ತಡವನ್ನೂ ಒಮ್ಮೆಲೆ ಏರಿಸುತ್ತದೆ. ಹೃದಯವು ಹೆಚ್ಚಿನ ರಕ್ತವನ್ನು ಬೇಡುತ್ತದೆ. ಮೂಳೆಯಾದ ಧಮನಿ ಹಿಗ್ಗಿ ಅದನ್ನು ಕೊಡಲಾರದು. ದುರದೃಷ್ಟದಿಂದ ಹಂಟರನ ಸ್ವಭಾವವೇ ಮುಂಗೋಪದ್ದು.

1793ರ ಅಕ್ಟೋಬರ್ 16ರಂದು ಸೇಂಟ್ ಜಾರ್ಜ್ ಆಸ್ಪತ್ರೆಯ ಆಡಳಿತ ಸಭೆ ಸೇರಿತ್ತು. ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ನಿಯಮಗಳ ವಿಷಯದಲ್ಲಿ ಹಂಟರನಿಗೂ ಅವನ ಸಹೋದ್ಯೋಗಿಗಳಿಗೂ ಬಹು ದಿನಗಳಿಂದ ಮನಸ್ತಾಪವಿತ್ತು. ಹೊಸ ನಿಯಮದ ಅರಿವಿಲ್ಲದೆ ಸ್ಕಾಟ್ಲೆಂಡಿನಿಂದ ಬಂದಿದ್ದ ಇಬ್ಬರು ತರುಣರ ಪರವಾಗಿ ಮಾತನಾಡಲು ಅವನು ಒಪ್ಪಿಕೊಂಡಿದ್ದನು. ಸಭೆಯಲ್ಲಿ ವಾಗ್ವಾದವಾದರೆ ತನಗೆ ಅಪಾಯವೆಂಬ ಅಳುಕನ್ನು ಅವನು ಆ ದಿನ ಬೆಳಗ್ಗೆಯೇ ಪರಿಚಿತನೊಬ್ಬನಲ್ಲಿ ತೋಡಿಕೊಂಡಿದ್ದನು. ಆದರೂ ಹೋದನು. ತಾನೂ ಒಂದು ಕಾಲದಲ್ಲಿ ಅರ್ಹತಾಪತ್ರವಿಲ್ಲದೆ ಅದೇ ಉತ್ತರದ ನಾಡಿನಿಂದ ಬಂದ ಹುಡುಗನಲ್ಲವೆ? ಅವನು ಮಾತನಾಡುತ್ತಿರುವಾಗ ಒಬ್ಬ ಸಹೋದ್ಯೋಗಿಯು ಅವನ ಮಾತನ್ನು ಅಲ್ಲಗಳೆದನು. ಹಂಟರನು ಮಾತು ನಿಲ್ಲಿಸಿ, ಕೋಪವನ್ನು ನುಂಗಿಕೊಂಡು ಪಕ್ಕದ ಕೋಣೆಗೆ ನಡೆದನು. ಅಲ್ಲಿ ಒಮ್ಮೆ ನರಳಿ, ಬಳಿಯಲ್ಲಿದ್ದ ವೈದ್ಯ ರಾಬರ್ಟ್‌ಸನ್ನನ ತೋಳುಗಳಲ್ಲಿ ಕುಸಿದು ಪ್ರಾಣ ಬಿಟ್ಟನು. ಆಗ ಅವನಿಗೆ ಅರುವತ್ತೈದು ವರ್ಷ.

ಶವಪರೀಕ್ಷೆಯನ್ನು ಎವರಾರ್ಡ್ ಹೋಮನೇ ನಡೆಸಿದನು. ಕಿರೀಟಧಮನಿಗಳ ಕವಲುಗಳು ಮೂಳೆಯ ಕೊಳವೆಗಳಾಗಿ, ಕತ್ತಿಗೆ ಸುಲಭವಾಗಿ ಬಗ್ಗದಂತಿದ್ದವು. ಎಡಗಡೆಯ ಹೃತ್ಕರ್ಣ ಹೃತ್ಕುಕ್ಷಿಗಳ ನಡುವಣ ಕವಾಟದಲ್ಲಿಯೂ ಹಲವೆಡೆ ಮೂಳೆ ಸೇರಿತ್ತು. ಮಹಾಧಮನಿಯ ಬುಡ ಅಗಲವಾಗಿ ಉಬ್ಬತೊಡಗಿತ್ತು. ಮಿದುಳಿಗೆ ರಕ್ತವನ್ನು ಒಯ್ಯುವ ಧಮನಿಗಳೂ ಗಟ್ಟಿಯಾಗಿದ್ದವು. 1776ರ ತಲೆತಿರುಗುವಿಕೆಯ ಕಾರಣವನ್ನು ಇಲ್ಲಿ ಊಹಿಸಬಹುದು. ಧಮನಿ ಬಿರುಸಾದಾಗ ಹೃದಯ ದಪ್ಪವಾಗುವುದು ಸಾಮಾನ್ಯವೆಂದು ಹಿಂದೆ ಹೇಳಿದೆವಷ್ಟೆ. ಹಂಟರನ ಹೃದಯವಾದರೋ ತಾನಿದ್ದ ಕೋಶಕ್ಕೆ ಸಾಲದೆಂಬಷ್ಟು ಚಿಕ್ಕದಾಗಿತ್ತು; ಅದರ ಮೇಲೆ ಅಲ್ಲಲ್ಲಿ ಬಿಳಿಯ ಕಲೆಗಳಿದ್ದವು. ಹೊರೆಯಿಂದ ಬೆಳೆಯುವ ಹೃದಯವೊಂದು, ಹಸಿವಿನಿಂದ ಸೊರಗುವ ಹೃದಯವೊಂದು. ಇಪ್ಪತ್ತು ವರ್ಷ ಅರೆಹೊಟ್ಟೆಯಲ್ಲಿ ದುಡಿದು ಸೊರಗಿದ ಹೃದಯ ಹಂಟರನದೆಂದು ತೋರುತ್ತದೆ. ಪರೀಕ್ಷೆ ಮುಗಿದೊಡನೆ ಹೋಮನು ಜೆನ್ನರನಿಗೆ ಪತ್ರ ಬರೆದು ಅವನ ಊಹೆ ನಿಜವಾಯಿತೆಂದು ಒಪ್ಪಿಕೊಂಡನು. ಇಂಥ ಗೆಲುವನ್ನು ಜೆನ್ನರನು ಯಾವ ಮನಸ್ಸಿನಿಂದ ಸ್ವೀಕರಿಸಿದನೋ ಸಹೃದಯರೇ ಊಹಿಸಬೇಕು.

ಗುರುವಿನ ಮರಣದ ಬಳಿಕವೇ ಮೌನ ಮುರಿಯಿತು. ಬಾತ್ ನಗರದ ಕೇಲಬ್ ಪ್ಯಾರಿ ಎಂಬ ವೈದ್ಯಮಿತ್ರನು ಹೃಚ್ಛೂಲೆಯನ್ನು ಕುರಿತು 1799ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಜೆನ್ನರನ ಪತ್ರ ಸೇರಿತು. ಮುಕ್ಕಾದ ಕತ್ತಿಯ ಕಥೆಯೂ ಮೌನದ ಕಾರಣವೂ ಲೋಕಕ್ಕೆ ತಿಳಿದವು. ಅಷ್ಟರಲ್ಲಿ ಜೆನ್ನರನು, 1796ರಲ್ಲಿ ಹಸುವಿನ ಸಿಡುಬಿನ ಕೀವನ್ನು ಹುಡುಗನೊಬ್ಬನ ತೋಳಿಗೆ ಚುಚ್ಚಿ, ಗುರುವಿನ ಪ್ರಯೋಗಮಾರ್ಗವನ್ನು ಸಾರ್ಥಕಗೊಳಿಸಿದ್ದನು. ಹಂಟರನ ವಸ್ತುಸಂಗ್ರಹವನ್ನು ಸರ್ಕಾರವು 1799ರಲ್ಲಿ 15,000 ಪೌಂಡಿಗೆ ಕೊಂಡು ಶಸ್ತ್ರವೈದ್ಯರ ಸಂಸ್ಥೆಗೆ ಒಪ್ಪಿಸಿತು. ಅವನ ಹಸ್ತಪ್ರತಿಗಳನ್ನು 1823ರಲ್ಲಿ ಹೋಮನು ಸುಟ್ಟುಹಾಕಿದನು. ವಿಲಿಯಂ ಕ್ಲಿಫ್ಟ್ ಎಂಬ ನಿಷ್ಠಾವಂತ ಸಹಾಯಕನು ಮೊದಲೇ ನಕಲು ಮಾಡಿಟ್ಟಿದ್ದ ಭಾಗ ಮಾತ್ರ ಉಳಿಯಿತು. 1859ರಲ್ಲಿ ಹಂಟರನ ಅವಶೇಷಗಳನ್ನು ವೆಸ್ಟ್‌ಮಿನ್‌ಸ್ಟರ್ ಅಬೆಗೆ ತಂದು ಗೌರವದಿಂದ ಇರಿಸಿದರು. 1941ರ ಬಾಂಬುದಾಳಿಯಲ್ಲಿ ಸಂಗ್ರಹದ ಬಹುಭಾಗ ನಾಶವಾಯಿತು. ಉಳಿದುದರ ಪ್ರದರ್ಶನವನ್ನು ನವೀಕರಿಸಿ 2023ರಲ್ಲಿ ಮತ್ತೆ ತೆರೆದಾಗ ಬರ್ನನ ಅಸ್ಥಿಪಂಜರವನ್ನು ಸಾರ್ವಜನಿಕರ ಕಣ್ಣಿನಿಂದ ತೆಗೆದಿದ್ದರು. ಆ ದೀನನ ಬಯಕೆಗೆ 240 ವರ್ಷಗಳ ಮೇಲೆ ಅಷ್ಟುಮಟ್ಟಿಗಾದರೂ ಮನ್ನಣೆ ಸಂದಿತು.

ಜೆನ್ನರನ ಮೌನ ಸರಿಯೆ, ತಪ್ಪೆ? ಕಂಡುದನ್ನು ಕಂಡಂತೆ ಹೇಳಬೇಕೆಂದು ಕಲಿಸಿದ ಗುರುವಿಗೇ ಕಂಡುದನ್ನು ಹೇಳದೆ ಉಳಿದುದು ಗುರುದ್ರೋಹವೆಂದು ಒಬ್ಬರು ವಾದಿಸಬಹುದು; ಅದೇ ಗುರುಭಕ್ತಿಯೆಂದು ಇನ್ನೊಬ್ಬರು ಹೇಳಬಹುದು. ನನಗೆ ತೋರುವುದು ಇಷ್ಟು. ಸತ್ಯವನ್ನು ಕೇಳಿದವನು ಅದರಿಂದ ಏನು ಮಾಡಿಕೊಳ್ಳಬಲ್ಲನೆಂಬುದರ ಮೇಲೆ ಹೇಳುವವನ ಕರ್ತವ್ಯ ನಿಲ್ಲುತ್ತದೆ. ಮದ್ದಿಲ್ಲದ ಕಾಲದಲ್ಲಿ ಜೆನ್ನರನು ತುಟಿ ಬಿಗಿದುದನ್ನು ನಾವು ಕ್ಷಮಿಸಬಹುದು. ಆದರೂ ಒಂದು ಶಂಕೆ ಉಳಿಯುತ್ತದೆ. ತನ್ನ ಹೃದಯದ ಸ್ಥಿತಿಯನ್ನು ನಿಶ್ಚಯವಾಗಿ ಅರಿತಿದ್ದರೆ ಹಂಟರನು ಆ ಸಭೆಗೆ ಹೋಗದೆ ಇರುತ್ತಿದ್ದನೆ? ಅವನ ಸ್ವಭಾವವನ್ನು ಬಲ್ಲವರಿಗೆ ಹಾಗೆನಿಸುವುದಿಲ್ಲ. ಇಬ್ಬರು ಹುಡುಗರಿಗೆ ಮಾತು ಕೊಟ್ಟಿದ್ದನು, ಹೋಗಿಯೇ ಹೋಗುತ್ತಿದ್ದನು. ಇಂದು ಕಾಲ ಬದಲಾಗಿದೆ. ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡವನ್ನು ಕ್ಷಣದಲ್ಲಿ ಅಳೆಯಬಹುದು. ಅದನ್ನು ತಗ್ಗಿಸುವ ಮದ್ದುಗಳಿವೆ. ಇಕ್ಕಟ್ಟಾದ ಧಮನಿಯನ್ನು ಅಗಲಿಸಲೂ, ಹಂಟರನು ಕಂಡ ಪ್ರಕೃತಿಯ ಉಪಾಯದಂತೆ ಬೇರೊಂದು ದಾರಿಯನ್ನು ಹೊಲಿದುಕೊಡಲೂ ಶಸ್ತ್ರವೈದ್ಯರು ಬಲ್ಲರು. ಹೀಗಿರುವಾಗ, ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಳ್ಳುವ ಹಿರಿಯರನ್ನು ಕಂಡೂ ಅವರು ನೊಂದುಕೊಂಡಾರೆಂದು ನಾವು ಸುಮ್ಮನಿರುವುದು ಪ್ರೀತಿಯೆನಿಸದು. ಅಂಥ ಮಾತನ್ನು ಆಡಲು ಎದೆಗಾರಿಕೆ ಬೇಕು, ಕೇಳಲೂ ಬೇಕು.